ಯಾವ ಕೋಣೆಯ ಎಂಟುನೂರಾ ಹನ್ನೆರಡು

ಆರನೆಯ ರೊಟ್ಟಿ ವಿದ್ಯಾವತಿಯ ಅಂಗೈ ಕೆಳಗೆ ಅರ್ಧ ಅಗಲವಾಗಿತ್ತು. ಅಷ್ಟರಲ್ಲಿ ಗಂಡನ ಅಣ್ಣ ಜಗದೇವ ಕಾಲಲ್ಲಿದ್ದ ಚಪ್ಪಲಿಯನ್ನೂ ಬಿಡದೆ ಅಡುಗೆಮನೆಯ ಹೊಸ್ತಿಲಿಗೆ ಬಂದು ನಿಂತ.

“ಬಡಿಯೂದ ಬಿಡು. ಇದಕ್ಕ ಸಹಿ ಹಾಕು.”

“ಕೈ ಹಿಟ್ಟಾಗ್ಯಾವ್ರಿ, ಭಾವಾರ. ಕುಂದರ್ರಿ, ಚಾ ಇಡ್ತೇನಿ.”

“ಚಾ ಕುಡಿಲಾಕ ಅಫಜಲಪುರದಿಂದ ಜೇವರ್ಗಿ ತನಕ ಗಾಡಿ ಹೊಡ್ಕೊಂಡ ಬಂದಿಲ್ಲ ನಾ.”

ಕೈಯಲ್ಲಿದ್ದ ಕಾಗದವನ್ನು ಅವನೇ ಗಟ್ಟಿಯಾಗಿ ಓದಿದ. ಮುರ್ತುಜಾ ಎಂಬುವನು ಯಾರನ್ನೂ ಕೇಳದೆ, ತನ್ನ ಮನಸ್ಸಿಗೆ ಬಂದಂತೆ ನಡೆದು, ಆಳಂದ ಕೇಂದ್ರದ ಕೆಲಸ ಕೆಡಿಸಿದ್ದಾನೆ, ಅವನನ್ನು ತೆಗೆದುಹಾಕಬೇಕು. ಕೆಳಗೆ ವಿದ್ಯಾವತಿಯ ಹೆಸರು ಟೈಪಾಗಿತ್ತು. ಹೆಂಚಿನ ಮೇಲಿದ್ದ ರೊಟ್ಟಿ ಉಬ್ಬಿ, ಒಂದು ಕಡೆ ಕರಕಾಯಿತು. ತಿರುವಿ ಹಾಕುವುದೂ ಅವಳಿಗೆ ಹೊಳೆಯಲಿಲ್ಲ.

ರೈತರ ಸಂಘದ ತೊಗರಿ ಖರೀದಿ ಕೇಂದ್ರಗಳು ಮೂರು: ಆಳಂದ, ಅಫಜಲಪುರ, ಜೇವರ್ಗಿ. ಮೂರಕ್ಕೂ ಸೇರಿ ಕಲಬುರಗಿಯಲ್ಲಿ ಒಂದೇ ಕಂಪ್ಯೂಟರ್ ಯಂತ್ರ. ಅದನ್ನು ಅಲ್ಲಿ ಕೂತು ನಡೆಸುವವನು ಮುರ್ತುಜಾ. ಮನೆಯಿಂದಲೇ ಅದರ ಒಳಗನ್ನು ನೋಡಿಕೊಳ್ಳುವವಳು ವಿದ್ಯಾವತಿ. ಯಂತ್ರದೊಳಗೆ ಊರಿಗೊಂದರಂತೆ ಮೂರು ಕೋಣೆ ಕಟ್ಟಿದವಳೂ ಅವಳೇ. ಒಂದು ಕೋಣೆಯ ಗದ್ದಲ ಇನ್ನೊಂದಕ್ಕೆ ಕೇಳಬಾರದೆಂದು ಹಾಗೆ ಕಟ್ಟಿದ್ದಳು. ಪ್ರತಿ ಕೋಣೆಯಲ್ಲೂ ನಡೆಯುವ ಕೆಲಸಗಳಿಗೆ ಒಂದರಿಂದ ಶುರುವಾಗಿ ನಂಬರು ಬೀಳುತ್ತವೆ. ಒಳಗಿದ್ದವರಿಗೆ ತಮ್ಮ ನಂಬರು ಬಿಟ್ಟು ಬೇರೆ ಕಾಣುವುದಿಲ್ಲ. ಹೊರಗಿನಿಂದ ನೋಡಿದರೆ ಎಲ್ಲವೂ ಕಾಣುತ್ತವೆ, ಆದರೆ ಬೇರೆಯೇ ನಂಬರಿನಲ್ಲಿ. ಎರಡನ್ನೂ ಬಲ್ಲದ್ದು ಯಂತ್ರದ ನಡುಗರ್ಭದಲ್ಲಿದ್ದು ಎಲ್ಲ ಕೆಲಸ ನಡೆಸುವ, ಕರ್ನಲ್ ಎಂಬ ಮೂಲ ತಂತ್ರಾಂಶ ಮಾತ್ರ. ಕೋಣೆಯ ಹೆಸರು ಹೇಳಿ ಅದನ್ನು ಕೇಳಿದರೆ, ಒಳಗಿನ ಇಂಥದ್ದು ಹೊರಗೆ ಇಂಥದ್ದು ಎಂದು ಹೇಳುತ್ತದೆ. ಕೇಳದವರಿಗೆ ಹೇಳುವುದಿಲ್ಲ.

“ಭಾವಾರ, ನೀವು ಮುರ್ತುಜಾಗ ಎಂಟ್ನೂರಾ ಹನ್ನೆರಡ ನಿಲ್ಲಸು ಅಂದ್ರಿ. ಅದು ನಿಮ್ಮ ಅಫಜಲಪುರ ಕೋಣಿ ಒಳಗಿನ ನಂಬರ್ರಿ. ಹೊರಗ ಅದಕ್ಕ ಇಪ್ಪತ್ತ ಸಾವಿರದ ನಾಲ್ಕನೂರಾ ಹದಿನೇಳು ಅಂತಾರ.”

“ಒಬ್ಬಾಂವಗ ಎರಡ ನಂಬರೇನು? ಯಾರಿಗೆ ಟೋಪಿ ಹಾಕಾಕತ್ತಿ?”

“ಆಳಂದದಾಗ ನನ್ನ ತವರುಮನಿ ಬಾಗಲಕ ನಿಂತು ವಿದ್ಯಾವತಿ ಅಂತ ಕೂಗ್ರಿ, ಯಾರೂ ಹೊರಗ ಬರಂಗಿಲ್ಲ. ಅಲ್ಲಿ ನಾ ಮಹಾನಂದಾ. ಈ ಮನಿ ಹೊಸ್ತಿಲ ದಾಟಿದ ದಿನ ಅತ್ತಿಯವರ ಅಕ್ಕಿ ಮ್ಯಾಲ ಈ ಹೆಸರ ಬರಿಸ್ಯಾರ. ಇದೂ ಹಂಗೇ ರಿ.”

ಪಡಸಾಲೆಯಲ್ಲಿ ಕೂತು ತೊಗರಿಬೇಳೆ ಹಸನು ಮಾಡುತ್ತಿದ್ದ ಅತ್ತೆ ಸುಭದ್ರಾಬಾಯಿ ಮೊರ ಕುಟ್ಟಿದಳು. “ಹೆಸರ ಇಟ್ಟವ್ರ ಎದರೀಗೆ ಉಲ್ಟಾ ಮಾತಾಡ್ಲಾಕ ಹೆಸರ ಇಟ್ಟಿಲ್ಲ ಬೇ. ಮನಿ ಹಿರೇ ಮಗ ಬಂದು ನಿಂತಾನ. ಸಹಿ ಹಾಕಿ ಕಳಸು.”

ಆಗಿದ್ದು ನಿನ್ನೆ ಮುಂಜಾನೆ. ಅಫಜಲಪುರದ ಕೋಣೆಯಲ್ಲಿ ತೂಕ ಬರೆಯುವ ಕೆಲಸ ಸಿಕ್ಕಿಹಾಕಿಕೊಂಡಿತ್ತು, ನಿಲ್ಲಿಸಿ ಮತ್ತೆ ಶುರು ಮಾಡಬೇಕಿತ್ತು. ಆ ಕೇಂದ್ರ ನೋಡಿಕೊಳ್ಳುವ ಜಗದೇವ ತನ್ನ ಪರದೆಯ ಮೇಲೆ ಕಂಡ ನಂಬರನ್ನು ಫೋನಿನಲ್ಲಿ ಮುರ್ತುಜಾನಿಗೆ ಒದರಿದ್ದ. ಕೋಣೆಯ ಹೆಸರು ಹೇಳಿರಲಿಲ್ಲ. ಹೊರಗಿನ ಎಂಟುನೂರಾ ಹನ್ನೆರಡು ಎಂದರೆ ಆಳಂದದ ಕೋಣೆಯ ಒಂದನೆಯ ನಂಬರು, ಆ ಕೋಣೆಯ ಹಿರಿಯ. ಹಿರಿಯ ಬಿದ್ದರೆ ಕರ್ನಲ್ ಆ ಕೋಣೆಯಲ್ಲಿ ಒಬ್ಬರನ್ನೂ ಉಳಿಸುವುದಿಲ್ಲ. ಕಣ್ಣು ಮಿಟುಕಿಸುವಷ್ಟರಲ್ಲಿ ಆಳಂದದ ಸರದಿ ಪಟ್ಟಿ ಮಾಯವಾಯಿತು. ಎರಡು ದಿನದಿಂದ ಸಾಲಿನಲ್ಲಿ ನಿಂತಿದ್ದ ನಾಲ್ಕು ನೂರು ಟ್ರ್ಯಾಕ್ಟರುಗಳಲ್ಲಿ ಯಾರು ಮೊದಲು, ಯಾರು ಕಡೆ ಎಂದು ಹೇಳುವವರೇ ಇಲ್ಲ. ಮಧ್ಯಾಹ್ನಕ್ಕೆ ಬಡಿಗೆಗಳು ಹೊರಬಂದವು. ಅಣ್ಣಾರಾಯ ಎಂಬ ಮುದುಕನ ಭುಜ ಮುರಿಯಿತು.

ಮುರ್ತುಜಾ ನಿಲ್ಲಿಸಿದ, ಆಳಂದ ಕೆಟ್ಟಿತು: ಜಗದೇವನಿಗೆ ಗೊತ್ತಿದ್ದದ್ದು ಇಷ್ಟು. ವಿದ್ಯಾವತಿಗೆ ಇನ್ನೂ ಒಂದು ಗೊತ್ತಿತ್ತು. ನಿಲ್ಲಿಸುವ ಮೊದಲು ಮುರ್ತುಜಾ ಅವಳನ್ನು ಕೇಳಿದ್ದ.

“ಅಕ್ಕಾರ, ಎಂಟ್ನೂರಾ ಹನ್ನೆರಡ ನಿಲ್ಲಸ್ಲಿ?”

ಆಗಲೂ ಅವಳ ಕೈ ಹಿಟ್ಟಿನಲ್ಲೇ ಇತ್ತು. ಏಳು ವರ್ಷದ ಮಗಳು ಪಲ್ಲವಿ ಫೋನನ್ನು ಅವಳ ಕಿವಿಗೆ ಹಿಡಿದಿದ್ದಳು. ರೊಟ್ಟಿ ಕರಕಾಗುತ್ತಿತ್ತು, ಶಾಲೆಯ ಗಾಡಿ ಹಾರ್ನ್ ಹೊಡೆಯುತ್ತಿತ್ತು. ಯಾವ ಕೋಣೆಯದು ಎಂದು ಅವಳು ಕೇಳಲಿಲ್ಲ. ಕೇಳುವುದೇ ಅವಳ ಕೆಲಸ. ಕೋಣೆಯ ಹೆಸರಿಲ್ಲದೆ ಯಾರೂ ನಂಬರು ಹೇಳಬಾರದು ಎಂಬ ಕಟ್ಟಳೆ ಮಾಡಿದವಳೂ ಅವಳೇ. “ಹ್ಞೂಂ, ನಿಲ್ಲಸ್ರಿ” ಎಂದುಬಿಟ್ಟಿದ್ದಳು.

ಅಲ್ಲಿಂದೀಚೆಗೆ ಪಲ್ಲವಿ ಅವ್ವನ ಮುಖವನ್ನೇ ನೋಡುತ್ತಿದ್ದಳು. ರಾತ್ರಿ ಊಟಕ್ಕೆ ಕೂತಾಗ ಎರಡು ಸಲ ಬಾಯಿ ತೆರೆದಿದ್ದಳು. ಎರಡು ಸಲವೂ ವಿದ್ಯಾವತಿ ಆ ಬಾಯಿಗೆ ತುತ್ತು ಇಟ್ಟಿದ್ದಳು.

ಕಟ್ಟೆಯ ಮೇಲೆ ಫೋನು ನಡುಗಿತು. ಮುರ್ತುಜಾನ ಹೆಸರು. ಅವಳು ಕೈ ಚಾಚುವ ಮೊದಲೇ ಜಗದೇವ ಎತ್ತಿ, ಎಲ್ಲರಿಗೂ ಕೇಳುವಂತೆ ಮಾಡಿದ.

“ಅಕ್ಕಾರ, ನಾ ರಿ.” ಧ್ವನಿ ತಗ್ಗಿತ್ತು. “ಸಂಘದವ್ರು ಹತ್ತ ಗಂಟೆಕ ಕರದಾರ. ನೀವು ಘಾಬರಿ ಆಗಬ್ಯಾಡ್ರಿ. ನಾ ಯಾರ ಹೆಸರೂ ತಗಿಯಂಗಿಲ್ಲ.”

“ಯಾರ ಹೆಸರ ತಗೀತೀ ಲೇ?” ಜಗದೇವ ಗರ್ಜಿಸಿದ. “ತಾನು ಹೊಲಸ ಮಾಡಿ ಮಂದೀ ಮ್ಯಾಲ ಒರಸ್ಲಾಕ ನೋಡ್ತೀಯೇನು? ನಾಳಿಂದ ಆ ಕುರ್ಚಿ ಮ್ಯಾಲ ನಿನ್ನ ನೆಳ್ಳೂ ಬೀಳಬಾರದು.”

“ಜಗದೇವಣ್ಣ, ಹನ್ನೆರಡ ವರ್ಷ ಆತ್ರಿ ನಾ ಆ ಕುರ್ಚಿ ಮ್ಯಾಲ…”

ಜಗದೇವ ಫೋನು ಕಟ್ ಮಾಡಿ ಹಿಟ್ಟಿನ ಡಬ್ಬಿಯ ಮೇಲೆ ಎಸೆದ. “ನೋಡಿದಿ? ತಪ್ಪ ಅವನ ಬಾಯಾಗೇ ಅದ. ಇಂಥವ್ರಿಗೆ ಒಳಗ ಸಲಿಗಿ ಕೊಟ್ರ ಹಿಂಗೇ. ಹಾಕು ಸಹಿ. ಹಾಕಲಿಲ್ಲಂದ್ರ ಮಷೀನ್ ನೋಡ್ಕೊಳ್ಳಾಕಿ ನೀ, ಕಾಗದದಾಗ ನಿನ್ನ ಹೆಸರೇ ಬರೀತೇನಿ. ನೌಕರಿ ಹೋತಂದ್ರ ದಿನಾ ರೊಟ್ಟಿ ಬಡ್ಕೋತ ಕುಂದರು.”

“ನಿಮ್ಮ ತಮ್ಮ ಯಡ್ರಾಮಿ ಸಾಲಿ ಮುಗಿಸ್ಕೊಂಡ ಬರ್ಲಿ, ಅವರಿಗೆ ಕೇಳಿ…”

“ತಮ್ಮಗ ಏನ ಕೇಳ್ತಿ? ಅಂವ ನನ್ನ ಮಾತ ಮೀರ್ಯಾನೇನು?”

“ಮೀರಂಗಿಲ್ಲ ನನ್ನ ಮಗ,” ಎಂದು ಅತ್ತೆ ಅಲ್ಲಿಂದಲೇ ಸೇರಿಸಿದಳು.

ವಿದ್ಯಾವತಿ ಒಲೆ ಆರಿಸಿದಳು. ಕೈ ತೊಳೆಯಲಿಲ್ಲ, ಸೆರಗಿಗೆ ಒರೆಸಿಕೊಂಡಳು. ಮುರ್ತುಜಾನ ಮನೆ ಅವಳ ಕಣ್ಣ ಮುಂದೆ ಬಂತು. ಓದುವ ಇಬ್ಬರು ಹೆಣ್ಣುಮಕ್ಕಳು. ಅವನ ಹೆಂಡತಿ ರಂಜಾನಿಗೆ ಕಳಿಸುವ ಹಾಲು-ಶಾವಿಗೆಯ ಸುರಕುಂಬಾ. ಆಮೇಲೆ ತನ್ನ ನೌಕರಿ. ಈ ಮನೆಯಲ್ಲಿ ತನ್ನ ಹೆಸರಿಗೆ ಇರುವ ಕಿಂಚಿತ್ತು ತೂಕ ಬಂದದ್ದೇ ಆ ನೌಕರಿಯಿಂದ. ಬಾಯಿ ಬಿಟ್ಟರೆ ತನ್ನದು ಹೋಗುತ್ತದೆ, ಬಿಡದಿದ್ದರೆ ಅವನದು. ಜಗದೇವ ಪೆನ್ನಿನ ಟೊಪ್ಪಿಗೆ ತೆಗೆದು ಅವಳ ಬೆರಳ ಸಂದಿಗೆ ತುರುಕಿದ. ಕಾಗದದ ಅಂಚಿಗೆ ಹಿಟ್ಟು ಹತ್ತಿತು.

“ಲಗೂ ಮಾಡು. ಹತ್ತರ ಒಳಗ ಮುಟ್ಟಬೇಕು.”

ಪೆನ್ನಿನ ತುದಿ ಕಾಗದಕ್ಕೆ ತಾಗಿತು. ಮೊದಲ ಅಕ್ಷರ ಮೂಡಿತು.

ಬಾಗಿಲ ಹತ್ತಿರ ಪಲ್ಲವಿ ಒಂದು ಜಡೆ ಕಟ್ಟಿಸಿಕೊಂಡು, ಇನ್ನೊಂದನ್ನು ಬಿಟ್ಟುಕೊಂಡು ನಿಂತಿದ್ದಳು. ಟೇಪು ಹಲ್ಲಿನ ನಡುವೆ ಇತ್ತು. ವಿದ್ಯಾವತಿ ಕಣ್ಣಲ್ಲೇ ಬೇಡ ಎಂದಳು. ಮಗಳು ಟೇಪನ್ನು ಬಾಯಿಂದ ತೆಗೆದಳು. ದೊಡ್ಡಪ್ಪನ ಕಡೆ ನೋಡಲಿಲ್ಲ, ಅಜ್ಜಿಯ ಕಡೆಯೂ ನೋಡಲಿಲ್ಲ.

“ಅವ್ವಾ, ಮುರ್ತುಜಾ ಕಾಕಾ ನಿನಗ ಕೇಳಿದ್ನಲ್ಲ, ನಿಲ್ಲಸ್ಲೇನು ಅಂತ? ಹ್ಞೂಂ ಅಂದಾಕಿ ನೀನೇ ಅಲ್ಲೇನು?”