ಐದು ಮಾರು ಚೆಂಡುಹೂವು

ರೇಡಿಯೇಟರ್ ಮುಚ್ಚಳಕ್ಕೆ ಮಹೇಂದ್ರ ಕೈ ಹಾಕಿದ್ದೇ ತಡ, ಬ್ಯಾಟರಾಯನಪುರದ ನಟ್ಟನಡುವೆ ಜ್ವಾಲಾಮುಖಿಯೊಂದು ಬಾಯಿಬಿಟ್ಟಿತು. ಕುದಿಯುವ ನೀರು ಮೇಲಿನ ಎಲಿವೇಟೆಡ್ ರಸ್ತೆಯ ತಳಕ್ಕೆ ಬಡಿದು ವಾಪಸ್ ಸುರಿಯಿತು. ಬಾಣಲೆಗೆ ಬಿದ್ದ ಹಪ್ಪಳದ ಹಾಗೆ ಅಂಗೈ ಚರ್ಮ ಸುರುಟಿಕೊಂಡಿತು. ಅವನು ಹಾಕಿದ ಕೂಗಿಗೆ ಹೆದರಿ ಜಕ್ಕೂರಿನ ತರಬೇತಿ ವಿಮಾನಗಳು ಇಳಿಯಲು ಒಲ್ಲದೆ ಇನ್ನೊಂದು ಸುತ್ತು ಹೊಡೆದವು.

ತಪ್ಪು ಗಾಡಿಯದಲ್ಲ. ಹಿಂದಿನ ದಿನ ಆಯುಧಪೂಜೆ. ಮಹೇಂದ್ರನೆಂದರೆ ಮತ್ತದಹಳ್ಳಿಯ ಹಳೇ ಗೌಡರ ಮನೆಯವನು, ಆರ್.ಟಿ. ನಗರದ ಅರ್ಧ ಆಕಾಶ ಅವನ ಬಾಡಿಗೆ ಬಿಲ್ಡಿಂಗುಗಳ ನೀರಿನ ಟ್ಯಾಂಕುಗಳಿಗೇ ಸಾಲದು. ಅಂಥವನು ಪಕ್ಕದ ಮನೆಯವರ ಕಾರಿಗಿಂತ ತನ್ನದು ಒಂದು ಗುಲಗಂಜಿ ಕಡಿಮೆ ಕಂಡರೆ ಸಹಿಸುತ್ತಾನೆಯೇ? ಮುಂದಿನ ಗ್ರಿಲ್ಲಿಗೆ ಎರಡು ಅಗ್ರದ ಬಾಳೆಲೆ ಅಡ್ಡ ಹಾಕಿ, ಅದರ ಮೇಲೆ ಐದು ಮಾರು ಚೆಂಡುಹೂವಿನ ಹಾರವನ್ನು ಸುತ್ತಿ ಸುತ್ತಿ ಬಿಗಿದಿದ್ದ. ಸೊಳ್ಳೆಯೇ ನುಸುಳಲಾಗದ ಮೇಲೆ ಎಂಜಿನ್ನಿಗೆ ಗಾಳಿ ಎಲ್ಲಿಂದ ಬರಬೇಕು? "ದಶಮಿ ಸಂಜೆ ತನಕ ಬಿಚ್ಬೇಡ ಕಣೋ, ಕೆಟ್ಟದಾಗುತ್ತೆ" ಎಂದು ತಾಯಿ ಗಂಗರತ್ನಮ್ಮ ಹೇಳಿದ್ದರು. ಇಂದು ದಶಮಿ. ಸಂಜೆಗೆ ಇನ್ನೂ ಎಷ್ಟೋ ಹೊತ್ತಿತ್ತು. ಆಗಲೇ ಕೆಟ್ಟಿತ್ತು.

ಬೆಳಗ್ಗೆ ಯಲಹಂಕದಿಂದ ತಂಗಿ ನಾಗಲಕ್ಷ್ಮಿ ಫೋನ್ ಮಾಡಿದ್ದಳು. "ಅಣ್ಣಾ, ಮತ್ತೆ ಹೊಡೀತಿದಾರೆ. ಬಂದು ಕರ್ಕೊಂಡ್ಹೋಗು." ಗಂಡ ಉಪೇಂದ್ರ ಊದಿಸಿದ ಕೆನ್ನೆ ಹೊತ್ತು ಅವಳು ತವರಿಗೆ ಬಂದಾಗಲೆಲ್ಲ, "ಅಡ್ಜಸ್ಟ್ ಮಾಡ್ಕೊಳ್ಳೇ" ಎಂದು ಇದೇ ಗಾಡಿಯಲ್ಲಿ ವಾಪಸ್ ಬಿಟ್ಟು ಬಂದವನು ಇವನೇ. ಈ ಸಲ ಮಾತ್ರ, "ಅವನ ಮೂಳೆಗಳನ್ನ ಚೀಲದಲ್ಲಿ ತುಂಬ್ಕೊಂಡು ಬರ್ತೀನಿ ಅಮ್ಮಾ" ಎಂದು ಕ್ರಿಕೆಟ್ ಬ್ಯಾಟನ್ನು ಹಿಂದಿನ ಸೀಟಿಗೆ ಎಸೆದು ಹೊರಟಿದ್ದ.

ಈಗ ಬೆಂದ ಕೈಯನ್ನು ಕಂಕುಳಲ್ಲಿ ಇರುಕಿಕೊಂಡು ಗಾಡಿಯ ಬಾಗಿಲಿಗೆ ಒದ್ದ. ಬಾಗಿಲು ತಟ್ಟೆಯಂತೆ ತಗ್ಗಿತು. ಇನ್ನೊಮ್ಮೆ ಒದ್ದ. ಹಿಂದೆ ಹೆಬ್ಬಾಳದವರೆಗೆ ಹಾರ್ನುಗಳ ಜಾತ್ರೆ ನೆರೆದಿತ್ತು. ಆ ಸಾಲಿನ ಮೊದಲಲ್ಲಿದ್ದ, ಟೊಮೇಟೊ ಇಳಿಸಿ ಬರುತ್ತಿದ್ದ ಟೆಂಪೋದಿಂದ ಒಂದು ತಲೆ ಹೊರಬಂತು. ಟೆಂಪೋದವನ ಹೆಸರು ಬ್ಯಾಟರಾಯಪ್ಪ, ನುಗ್ಗೆಕಾಯಿಗೆ ಅಂಗಿ ತೊಡಿಸಿದಂತಿದ್ದ.

"ಯೋವ್ ಗುರುವೇ, ಗುಡಿ ಕಟ್ಟಾಕೆ ನಡುರೋಡೇ ಬೇಕಾಗಿತ್ತಾ? ಮಂಗಳಾರತಿ ಆಗಿದ್ರೆ ಪಕ್ಕಕ್ಕಾಕು!"

"ಮುಚ್ಚೋ ಬಾಯಿ! ಯಾರ ಹತ್ರ ಮಾತಾಡ್ತಿದೀಯ ಗೊತ್ತೇನೋ?"

"ಗೊತ್ತಿಲ್ಲ ಕಣಪ್ಪ. ಪೂಜಾರಪ್ಪನ ಎಸ್ರೇನು?"

ಮಹೇಂದ್ರ ಅವನನ್ನು ಕೊರಳಪಟ್ಟಿ ಹಿಡಿದು ಕಿಟಕಿಯಿಂದಲೇ ಎಳೆದು ಹಾಕಿ ದವಡೆಗೆ ಗುದ್ದಿದ. ಆನೆಯೂ ಮಲಗಿಬಿಡುವಂಥ ಏಟು. ಬ್ಯಾಟರಾಯಪ್ಪ ಮಲಗಲಿಲ್ಲ. ಒಂದು ಹೆಜ್ಜೆ ಹಿಂದೆ ಸರಿದು, ರಕ್ತ ಉಗಿದು, ಹಣೆಯಿಂದ ಮಹೇಂದ್ರನ ಮೂಗಿಗೆ ಡಿಕ್ಕಿ ಕೊಟ್ಟ. ಈಡುಗಾಯಿ ಒಡೆದ ಸದ್ದಾಯಿತು. ಕಣ್ಣಿಗೆ ಕತ್ತಲು ಕವಿದು ಮಹೇಂದ್ರ ಡಾಂಬರಿಗೆ ಬಿದ್ದ. ಕಣ್ಣು ಬಿಟ್ಟು ನೋಡುವಷ್ಟರಲ್ಲಿ ನುಗ್ಗೆಕಾಯಿ ಅವನ ಎದೆಯ ಮೇಲೆ ಕೂತು ಎರಡೂ ಕೈಯಿಂದ ಬಾರಿಸುತ್ತಿತ್ತು.

ಜೇಬಿನಿಂದ ಜಾರಿ ಬಿದ್ದ ಫೋನು ಬಡಿದುಕೊಳ್ಳತೊಡಗಿತು. ಪರದೆಯ ಮೇಲೆ 'ತಂಗಿ' ಎಂದಿತ್ತು. ಬ್ಯಾಟರಾಯಪ್ಪನೇ ಅದನ್ನೆತ್ತಿ ಸ್ಪೀಕರ್ ಒತ್ತಿದ, "ನೋಡವ್ವಾ, ನಿಮ್ಮಣ್ಣ ಇಲ್ಲಿ ಒದೆ ತಿಂತಾವ್ನೆ" ಎನ್ನಲು.

ಫೋನಿನೊಳಗಿನಿಂದ ಧಡ್ ಧಡ್ ಎಂದು ಬಾಗಿಲಿಗೆ ಒದೆಯುವ ಸದ್ದು. ನಡುವೆ ಅವಳ ಉಸಿರು. "ಅಣ್ಣಾ, ಬಾತ್‌ರೂಮಲ್ಲಿದೀನಿ. ಬಾಗ್ಲು ಮುರೀತಿದಾರೆ. ಎಲ್ಲಿದೀಯಣ್ಣಾ? ನೀನು ಬರಲ್ವಾ?"

ಲೈನ್ ಕಡಿಯಿತು. ಬ್ಯಾಟರಾಯಪ್ಪ ಎದೆಯಿಂದಿಳಿದ.

"ಎಲ್ಲೈತೆ ಮನೆ?"

"ಯಲಹಂಕ."

"ಅತ್ತು ಟೆಂಪೋ. ಪೊಲೀಸ್ರಿಗೆ ನಾನೇಳ್ತೀನಿ, ನೀನು ದಾರಿ ತೋರ್ಸು."

ಇಬ್ಬರೂ ಸೇರಿ ಕಾರನ್ನು ಪಕ್ಕಕ್ಕೆ ತಳ್ಳಿದ ಮೇಲೆ, ಬ್ಯಾಟು ಹಿಡಿದು ಮಹೇಂದ್ರ ಹತ್ತಿದ. ಆ ಟೆಂಪೋ ಹುಟ್ಟಿದ ಮೇಲೆ ಅಂಥ ಓಟ ಓಡಿರಲಿಲ್ಲ. ಕೋಗಿಲು ಕ್ರಾಸಿನ ಸಿಗ್ನಲ್ ಕೆಂಪಾಗಲು ಬಾಯಿ ತೆರೆಯುವುದರೊಳಗೆ ದಾಟಿಬಿಟ್ಟಿತ್ತು. ಖಾಲಿ ಕ್ರೇಟುಗಳು ಹಿಂದೆ ಕುಣಿಯುತ್ತಿದ್ದವು. ಇಬ್ಬರ ರಕ್ತವೂ ಒಂದೇ ಸೀಟಿಗೆ ತೊಟ್ಟಿಕ್ಕುತ್ತಿತ್ತು.

ಮನೆಯ ಮುಂಬಾಗಿಲು ತೆರೆದಿತ್ತು. ನಾಗಲಕ್ಷ್ಮಿ ಬಾತ್‌ರೂಮಿನ ಹೊರಗೆ ಗೋಡೆಗಾನಿಕೊಂಡು ನಿಂತಿದ್ದಳು. ಎಡಗಣ್ಣು ಮುಚ್ಚಿಹೋಗಿತ್ತು. ಕೆಳತುಟಿ ಒಡೆದಿತ್ತು. ಕಿವಿಯ ಹಿಂದೆ ಕೂದಲು ಕಿತ್ತುಬಂದ ಜಾಗ ಹಸಿಯಾಗಿತ್ತು. ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿದ್ದಳು.

"ಓಡಿ ಬಂದು ಒದೆಯೋಕೆ ಹೋದ್ರು. ಅಷ್ಟ್ರಲ್ಲಿ ನಾನೇ ಬಾಗ್ಲು ತೆಗೆದ್ಬಿಟ್ಟೆ. ಒಳಗೆ ಜಾರಿ ಬಿದ್ರು," ಎಂದಳು.

ಮಹೇಂದ್ರ ಚಿಲಕ ಸರಿಸಿದ. ಉಪೇಂದ್ರ ನೀರಿನಲ್ಲಿ ಬಿದ್ದಿದ್ದ, ಒಂದು ಕಾಲು ಮಡಚಬಾರದ ಕಡೆ ಮಡಚಿತ್ತು. "ಮಹೇಂದ್ರಣ್ಣಾ, ಕೇಳಿ ಇಲ್ಲಿ..." ಎಂದು ಕೈಯೆತ್ತಿದ. ಬ್ಯಾಟು ಆ ಕೈಯ ಮೇಲೇ ಬಿತ್ತು. ಆಮೇಲೆ ಭುಜದ ಮೇಲೆ. ಆಮೇಲೆ ಮುರಿದ ಕಾಲಿನ ಮೇಲೆ. ಬೆಂದ ಅಂಗೈಯ ಚರ್ಮ ಹಿಡಿಗೆ ಅಂಟಿ ಕಿತ್ತು ಬರುತ್ತಿದ್ದರೂ ಮಹೇಂದ್ರ ನಿಲ್ಲಿಸಲಿಲ್ಲ.

"ಸಾಕಣ್ಣಾ! ಸಾಕು!" ನಾಗಲಕ್ಷ್ಮಿ ತಡೆಯಲು ಒಳಗೆ ಬಂದಳು.

ಬ್ಯಾಟನ್ನು ಹಿಂದಕ್ಕೆತ್ತಿ ಅವನು ತಿರುಗಿದ. ಅವಳು ನಿಂತಲ್ಲೇ ಕುಕ್ಕರಿಸಿ ಎರಡೂ ಕೈಗಳಿಂದ ತಲೆ ಮುಚ್ಚಿಕೊಂಡಳು. ಮೊಣಕೈ ಎಲ್ಲಿರಬೇಕು, ಮುಖ ಎತ್ತ ತಿರುಗಬೇಕು, ಎಲ್ಲವೂ ಅವಳ ಮೈಗೆ ಗೊತ್ತಿತ್ತು.

"ನಿನಗಲ್ಲ ಕಣೇ," ಎಂದ ಮಹೇಂದ್ರ. "ನಿನಗಲ್ಲ ನಾಗೂ."

ಅವಳು ಕೈ ಇಳಿಸಲಿಲ್ಲ. ಬ್ಯಾಟು ನೆಲಕ್ಕೆ ಬಿದ್ದ ಸದ್ದು ಕೇಳಿದ ಮೇಲೆಯೇ ಬೆರಳುಗಳ ಸಂದಿಯಿಂದ ನೋಡಿದಳು. ಹಾಲ್‌ನಲ್ಲಿ ಬ್ಯಾಟರಾಯಪ್ಪ ಆಂಬುಲೆನ್ಸಿಗೆ ವಿಳಾಸ ಹೇಳುತ್ತಿದ್ದ.

"ಮನೆಗೆ ಹೋಗೋಣ ಬಾ. ವಾಪಸ್ ಬಿಡಲ್ಲ, ಆಣೆಗೂ ಬಿಡಲ್ಲ."

ಪೊಲೀಸರು ಬಂದು, ಆಂಬುಲೆನ್ಸ್ ಉಪೇಂದ್ರನನ್ನು ಒಯ್ದು, ಕೇಳುವುದೆಲ್ಲ ಕೇಳಿ ಮುಗಿದ ಮೇಲೆ ನಾಗಲಕ್ಷ್ಮಿ ಆಚೆ ಬಂದಳು. ಟೆಂಪೋದ ಮುಂದಿನ ಬಾಗಿಲನ್ನು ಅಣ್ಣ ತೆರೆದು ಹಿಡಿದಿದ್ದ. ಅದನ್ನು ದಾಟಿ ಹಿಂದಕ್ಕೆ ಹೋಗಿ, ಚಕ್ರದ ಮೇಲೆ ಕಾಲಿಟ್ಟು ಹತ್ತಿ, ಒಂದು ಕ್ರೇಟನ್ನು ಬೋರಲು ಹಾಕಿ ಕೂತಳು.

ಗಾಡಿ ಹೊರಟಾಗ ಎಲ್ಲೋ ಮೂಲೆಯಲ್ಲಿ ಉಳಿದಿದ್ದ ಟೊಮೇಟೊ ಒಂದು ಉರುಳಿ ಬಂದು ಅವಳ ಪಾದಕ್ಕೆ ತಾಗಿತು. ಎತ್ತಿಕೊಂಡು ವೇಲಿನಲ್ಲಿ ಒರೆಸಿದಳು. ತುಟಿ ಒಡೆಯದ ಕಡೆಯಿಂದ ನಿಧಾನಕ್ಕೆ ಕಚ್ಚಿದಳು.