ಅತ್ತೆ ಕಟ್ಟಿದ ಹಲ್ಲು

ಕರಕ್ ಎಂದಿತು ಸೇಬು, ಅಪ್ಪ ಕಚ್ಚಿದ್ದು, ಎಪ್ಪತ್ತು ದಾಟಿದ ಬಾಯಲ್ಲಿ ಇಷ್ಟು ಗಟ್ಟಿ ಸದ್ದು — ಹಲ್ಲು ಅಪ್ಪನದಲ್ಲ, ಅತ್ತೆ ಕಟ್ಟಿದ್ದು, ಅತ್ತೆ ತೀರಿಹೋಗಿ ವರ್ಷವಾಯಿತು, ಅವಳ ಕೈಕೆಲಸ ಮಾತ್ರ ಮೇಜಿನ ಆಚೆ ಕೂತು ನೆಮ್ಮದಿಯಾಗಿ ಸೇಬು ತಿನ್ನುತ್ತಿದೆ, ನಾನು ಈಗಲೇ ಹೇಳಬೇಕು, ಸಂಜೆ ಗಂಡಿನ ಕಡೆಯವರ ಫೋನು ಬರುವುದರೊಳಗೆ, ಅಪ್ಪಾ ನಂಗೆ ಈ ಮದುವೆ ಬೇಡ, ಬೇರೆ ಊರಲ್ಲಿ ಕೆಲಸ ಸಿಕ್ಕಿದೆ, ಒಬ್ಬಳೇ ಇರ್ತೀನಿ — ಇಷ್ಟೇ ತಾನೇ, ಹೇಳು, ಏನೇ, ಮುಖ ಯಾಕೆ ಹಂಗಿದೆ, ಅಪ್ಪ ಕೇಳುತ್ತಾನೆ, ಒಂದು ಹೋಳು ಬೇಕಾ, ಬೇಡಪ್ಪಾ, ಛೆ, ಬೇಡ ಅಂದದ್ದು ಸೇಬಿಗಾಯಿತು, ಅನ್ನಬೇಕಾದದ್ದು ಹಾಗೇ ಉಳಿಯಿತು. ಅತ್ತೆಗೆ ಹೀಗೆಲ್ಲ ಆಗುತ್ತಿರಲಿಲ್ಲ, ಅಪ್ಪನ ತಂಗಿ ಅವಳು, ನಮಗೆ ಮಕ್ಕಳಿಗೆಲ್ಲ ಹಲ್ಲತ್ತೆ, ದಂತವೈದ್ಯರ ಕ್ಲಿನಿಕ್ಕಿನ ಹಿಂದಿನ ಇಕ್ಕಟ್ಟು ಕೋಣೆಯಲ್ಲಿ ಕೂತು ಮೇಣದ ಒಸಡು ತಿದ್ದುತ್ತ, ಒಂದೊಂದೇ ಹಲ್ಲು ಕೂರಿಸುತ್ತ, ಮೊಣಕೈವರೆಗೆ ಬಿಳಿ ಪುಡಿ, ಕಿಟಕಿಯ ಹಲಗೆ ಮೇಲೆ ಸಾಲಾಗಿ ಯಾರ ಯಾರದೋ ಬಾಯಿಗಳು, ನಾನು ಚಿಕ್ಕವಳು, ಅವಳ ಸೆರಗಿನ ಹಿಂದೆ, ಹೆದರ್ಬೇಡ್ವೇ ಪುಟ್ಟಿ, ಇವು ಯಾರನ್ನೂ ಕಚ್ಚಲ್ಲ, ಕಚ್ಚೋರೆಲ್ಲ ಮನೇಲಿದಾರೆ. ಅಜ್ಜಿಗೂ ಅವಳೇ ಕಟ್ಟಿಕೊಟ್ಟಳು, ಹೆತ್ತ ತಾಯಿಯ ಬೋಳು ಬಾಯಿಗೆ ಮೇಲೊಂದು ಸಾಲು ಕೆಳಗೊಂದು ಸಾಲು, ಅಜ್ಜಿ ಕನ್ನಡಿ ನೋಡಿ ಎರಡು ಸಲ ಕಟಕಟಾಯಿಸಿ ಮೊದಲು ಆಡಿದ ಮಾತು, ನಿನಗೂ ಒಂದು ಸಂಸಾರ ಅಂತ ಬೇಡ್ವೇನೇ, ಅತ್ತೆ ತಲೆ ಓರೆ ಮಾಡಿ ಕೇಳಿ, ಅಮ್ಮಾ ಇನ್ನೊಂದ್ಸಲ ಬೈಯಿ, ಸಂಸಾರ ಅನ್ನೋವಾಗ ಸಿಳ್ಳೆ ಬರ್ತಿದೆ, ಅಜ್ಜಿ ಬೈಯುತ್ತಲೇ ಇದ್ದಳು, ಅತ್ತೆ ಅರದಿಂದ ಉಜ್ಜುತ್ತಲೇ ಇದ್ದಳು, ಬೈಗುಳ ಅಚ್ಚುಕಟ್ಟಾಗಿ ಕೇಳಿಸುವ ತನಕ ಬಿಡಲಿಲ್ಲ.

ಅಪ್ಪ ಏನು ಕಡಿಮೆಯೇ, ತಂಗಿ ಬೇರೆ ರೂಮು ಹಿಡಿದ ದಿನ ಬೀದಿಗೆಲ್ಲ ಕೇಳುವಂತೆ, ಮನೆತನದ ಮಾನ ಮೂರು ಕಾಸಿಗೆ ಹರಾಜು ಹಾಕ್ದೆ, ನೆಂಟರಿಗೆ ಹೇಗೆ ಮುಖ ತೋರಿಸ್ಲಿ, ಆದರೂ ಅವಳು ಭಾನುವಾರ ಬಂದೇ ಬರುತ್ತಿದ್ದಳು, ಬಾಗಿಲಲ್ಲೇ ನನ್ನ ಗಲ್ಲ ಹಿಡಿದು, ಆ ಅನ್ನು, ಸರಿಯಾಗಿ ಉಜ್ಜಿಲ್ಲ ಕಳ್ಳಿ — ಆಮೇಲೆ ಅಪ್ಪನ ಹಲ್ಲೂ ಉದುರಿದವು, ಅಚ್ಚು ತೆಗೆಯಲು ಬಾಯಿ ತುಂಬ ಹಿಟ್ಟು ತುಂಬಿ, ಅಣ್ಣಾ, ಇಷ್ಟು ವರ್ಷ ನೀನು ಹೇಳಿದ್ದು ನಾನು ಕೇಳಿಸ್ಕೊಂಡೆ, ಈಗ ನನ್ನ ಸರದಿ, ಅಪ್ಪನ ಕಣ್ಣು ಇಷ್ಟಗಲ, ಅಲ್ಲಾಡುವ ಹಾಗಿಲ್ಲ, ಉಸಿರು ಬಿಗಿಹಿಡಿದಿದ್ದಾನೆ — ಏನಿಲ್ಲ, ಗಟ್ಟಿಯಾಗಿ ಕಚ್ಚು, ಅಷ್ಟೇ. ಮೂಲೆಯಲ್ಲಿದ್ದ ನನಗೆ ಹೊಟ್ಟೆ ಹುಣ್ಣಾಗುವಷ್ಟು ನಗು.

ಅಪ್ಪಾ ನಂಗೆ ಈ ಮದುವೆ ಬೇಡ, ಒಬ್ಬಳೇ ಇರ್ತೀನಿ — ಅಯ್ಯೋ, ಹೇಳಿಬಿಟ್ಟೆ, ನನ್ನದೇ ದನಿ, ಅಪ್ಪನ ದವಡೆ ನಿಂತಿತು, ಈಗ ಬರುತ್ತದೆ, ಮಾನ, ಮನೆತನ, ನೆಂಟರು, ನಾನು ಮೇಜಿನ ಅಂಚು ಹಿಡಿದು ಕಾಯುತ್ತಿದ್ದೇನೆ, ಒಂದೂ ಬರಲಿಲ್ಲ, ಎಲ್ಲ ಅತ್ತೆಯ ಮೇಲೆ ಸುರಿದು ಖಾಲಿಯಾಗಿದೆ, ನನ್ನ ಪಾಲಿನದನ್ನೂ ಅವಳೇ ಮುಂಚೆ ಕೇಳಿಸಿಕೊಂಡು ಮುಗಿಸಿಬಿಟ್ಟಿದ್ದಾಳೆ, ಅತ್ತೆ, ನನ್ನ ಹಲ್ಲತ್ತೆ, ನಿನ್ನಿಂದ ಕಣೇ, ನಾನು ಇಲ್ಲಿ ಒಂದು ಬೈಗುಳವೂ ತಾಗದೆ ಕೂತಿರುವುದು ನಿನ್ನಿಂದ, ನೀನಿದ್ದಾಗ ಒಂದು ದಿನವೂ ಹೇಳಲಿಲ್ಲ, ಈಗ ಹೇಳುತ್ತೇನೆ, ನಿನ್ನ ಋಣ ದೊಡ್ಡದು — ಮನೆ ನೋಡಾಯ್ತಾ, ಅಪ್ಪ ಕೇಳುತ್ತಿದ್ದಾನೆ, ಆಯ್ತಪ್ಪಾ, ಮೇಲ್ಮಹಡಿ, ಒಂದೇ ಕೋಣೆ ಅಂದೆ, ಒಳಗಡೆ ಚಿಲಕ ಗಟ್ಟಿ ಇದೆಯಾ, ಚಿಲಕಾನಾ, ನೋಡ್ಲಿಲ್ಲ, ನಾನೇ ಬಂದು ಹಾಕಿಕೊಡ್ತೀನಿ, ನಿನ್ನತ್ತೆ ರೂಮಿಂದು ಸಡಿಲ ಇತ್ತು, ನಿಮಗೆ ಹೇಗೆ ಗೊತ್ತಪ್ಪಾ, ಅವಳು ರೂಮು ಹಿಡಿದ ವಾರ ಹೋಗಿದ್ದೆ, ಅವಳು ಬಾಗಿಲು ತೆಗೆದಾಗ ನೋಡ್ದೆ, ಒಂದೇ ಸ್ಕ್ರೂ ಮೇಲೆ ನೇತಾಡ್ತಿತ್ತು, ನೋಡ್ದೆ, ಬೈದೆ, ಬಂದ್ಬಿಟ್ಟೆ. ಅಪ್ಪ ಸೇಬು ತಟ್ಟೆಗಿಟ್ಟ, ಮತ್ತೆ ಕೈಗೆತ್ತಿಕೊಳ್ಳಲಿಲ್ಲ, ನನಗೆ ಹೊಸ ಚಿಲಕ, ಅವಳಿಗೆ ಅದೇ ಸಡಿಲ ಚಿಲಕ, ಕಣ್ಣ ಮುಂದೆ ಆ ದಿನ, ಇತ್ತ ಅಪ್ಪ ಬೈದು ಮೆಟ್ಟಿಲಿಳಿದು ಹೋಗುತ್ತಿದ್ದಾನೆ, ಅತ್ತ ಅವಳು ಒಬ್ಬಳೇ ಬಾಗಿಲು ಹಾಕಿಕೊಳ್ಳುತ್ತಿದ್ದಾಳೆ, ಬಿಳಿ ಪುಡಿಯ ಕೈಯಿಂದ ಚಿಲಕ ಸರಿಸುತ್ತಿದ್ದಾಳೆ, ಒಂದೇ ಸ್ಕ್ರೂ, ಚಿಲಕ, ಆ ಚಿಲಕ