ಕಾಟಿಯ ಮುಖವಾಡ, ಮಾವನ ಮೀಸೆ

“ಒಲದಲ್ಲಿ ನಿಲ್ಲೋ ಬೆರ್ಚಪ್ಪ ನ್ಯಾಯ ಯೋಳ್ತದಂತೆ, ಕೇಳ್ರಪ್ಪಾ! ಒಂಬತ್ನೇ ಕಿಲಾಸಿಗೆ ಇಸ್ಕೂಲ್ ಬುಟ್ಟ ಬೆರ್ಚಪ್ಪ!”

ನಮ್ಮೂರು ಮೋಯಾರಿನಲ್ಲಿ ಬಸ್ಸು ನಿಲ್ಲುವ ಜಾಗದಲ್ಲೇ ವಸಂತಾಮಣಿ ಅಕ್ಕನ ಟೀ ಅಂಗಡಿ. ಬೆಳಗಿನ ಹೊತ್ತು ಮಸಿನಗುಡಿ ಬಸ್ಸಿಗೆ ಕಾದು ನಿಂತಿದ್ದ ಅಷ್ಟೂ ಜನರ ಎದುರಿಗೆ ನನ್ನ ಸೋದರಮಾವ ಕಾಳಯ್ಯ ಹೀಗೆ ಕೂಗಿದ. ಅವನ ಕೈಯಲ್ಲಿ ನನ್ನ ಮುಖವಾಡವಿತ್ತು. ಕೋಳಿಯನ್ನು ಕಾಲು ಹಿಡಿದು ನೇತಾಡಿಸಿಕೊಂಡು ಬರುತ್ತಾರಲ್ಲ, ಹಾಗೆ ಅದನ್ನು ಒಂದು ಕೊಂಬು ಹಿಡಿದು ನೇತಾಡಿಸುತ್ತಿದ್ದ. ಪಕ್ಕದಲ್ಲಿ ಅವನ ಮಗ ನವೀನ್ ಮೊಬೈಲು ಎತ್ತಿ ಹಿಡಿದು, ಒಮ್ಮೆ ಮುಖವಾಡವನ್ನೂ ಒಮ್ಮೆ ನನ್ನ ಮುಖವನ್ನೂ ವಿಡಿಯೋ ಮಾಡುತ್ತಿದ್ದ.

ಜನ ನಕ್ಕರು. ಬಾಯಲ್ಲಿದ್ದ ಬನ್ನು ಉದುರುವ ಹಾಗೆ ನಕ್ಕರು.

ಅದು ಹಕ್ಕಿ ಬೆದರಿಸುವ ಬೆರ್ಚಪ್ಪನ ಮುಖವಲ್ಲ, ಕಾಟಿಯ ಮುಖ. ನಮ್ಮ ಕಡೆ ಕಾಡುಕೋಣಕ್ಕೆ ಕಾಟಿ ಅಂತಲೇ ಹೇಳುವುದು. ನಾನು ಕೆಲಸ ಮಾಡುವ ಮಸಿನಗುಡಿಯ ಪಂಚರ್ ಅಂಗಡಿಯಲ್ಲಿ ಜೀಪಿನವನೊಬ್ಬ ಹರಿದ ಸೀಟು ಎಸೆದು ಹೋಗಿದ್ದ. ಅದರ ಕರಿ ರೆಕ್ಸಿನ್ ಕತ್ತರಿಸಿ, ಗೋಣಿ ಹೊಲಿಯುವ ದಬ್ಬಳದಲ್ಲಿ ನಾನೇ ಹೊಲಿದದ್ದು. ಹಣೆಗೆ ಬೂದುಬಣ್ಣದ ಬಟ್ಟೆ, ಹಳೇ ಸೈಕಲ್ ಟ್ಯೂಬಿನೊಳಗೆ ಹತ್ತಿ ತುಂಬಿ ಮಾಡಿದ ಕೊಂಬು. ಹಾಕಿಕೊಂಡರೆ ಒಳಗೆ ತಲೆ ಬೇಯುತ್ತದೆ. ಆದರೂ ವಾರಕ್ಕೊಮ್ಮೆ ಅದನ್ನು ಹಾಕಿಕೊಂಡು ಮೊಬೈಲಿನ ಮುಂದೆ ಕೂತು, ಆ ವಾರ ನೋಡಿದ ಕುಸ್ತಿಗಳ ವಿಮರ್ಶೆ ಮಾಡುತ್ತೇನೆ. ಮೆಕ್ಸಿಕೋದ್ದು, ಜಪಾನಿನದ್ದು, ಅಮೆರಿಕದ್ದು. ನನ್ನ ಚಾನೆಲ್ಲಿನ ಹೆಸರು ‘ಕಾಟಿ ಕಂಡ ಕುಸ್ತಿ’.

ಮುಖವಾಡ ಯಾಕೆ ಬೇಕು ಅಂತ ಕೇಳಬಹುದು. ಬರೀ ಮುಖ ಇಟ್ಟುಕೊಂಡು ಹೋದರೆ ಜನ ಮೊದಲು ಕೇಳುವುದು ಎಷ್ಟು ಓದಿದ್ದೀಯ ಅಂತ. ಹೆಣ್ಣು ನೋಡಲು ಹೋದರೂ ಅದೇ, ಕೆಲಸ ಕೇಳಲು ಹೋದರೂ ಅದೇ. ಉತ್ತರ ಹೇಳಿದ ಮೇಲೆ ನಾನು ಏನು ಮಾತಾಡಿದರೂ ಗಾಳಿಗೆ ಹೋಯಿತು. ಕಾಟಿಯನ್ನು ಮಾತ್ರ ಇವತ್ತಿನವರೆಗೆ ಯಾರೂ ಆ ಪ್ರಶ್ನೆ ಕೇಳಿಲ್ಲ. ಮಳವಳ್ಳಿಯವನೊಬ್ಬ ಕಾಮೆಂಟಿನಲ್ಲಿ, “ಕಾಟಿ ಸಾರ್, ನೀವು ಎಲ್ಲಾದ್ರೂ ಪಿಟಿ ಮೇಷ್ಟ್ರಾ?” ಅಂತ ಬರೆದಿದ್ದ. ಸಾರ್! ನನ್ನ ಜನ್ಮದಲ್ಲಿ ನನ್ನನ್ನು ಸಾರ್ ಅಂದವರು ಬೇರೆ ಯಾರೂ ಇಲ್ಲ. ಆ ‘ಸಾರ್’ ಕೈತಪ್ಪಿ ಹೋಗಬಾರದು ಅಂತ ಮುಖವಾಡವನ್ನು ಅಕ್ಕಿ ಡ್ರಮ್ಮಿನ ಹಿಂದೆ ಬಚ್ಚಿಟ್ಟಿದ್ದೆ.

“ಆ ಕುಸ್ತಿ ಎಲ್ಲಾ ನಾಟಕ ಕನ್ರಪ್ಪಾ,” ಮಾವ ಜನರ ಕಡೆ ತಿರುಗಿ ಹೇಳುತ್ತಿದ್ದ. “ಮೊದ್ಲೇ ಕುಂತ್ಕಂಡು ಮಾತಾಡ್ಕಂಡಿರ್ತರೆ, ನೀನ್ ಬೀಳು ನಾನ್ ಗೆಲ್ತೀನಿ ಅಂತ. ಅದ ನೋಡ್ಕಂಡು ಇಂವ ದೊಡ್ಡ ಪಂಡಿತ ಆಗ್ಬುಟ್ಟವ್ನೆ!”

ಈ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಗೆಲ್ಲುವವನು ಯಾರು ಅಂತ ಮೊದಲೇ ಮಾತಾಗಿರುತ್ತದೆ, ನನಗೂ ಗೊತ್ತು, ಹಾಲು ಕುಡಿಯುವ ಮಗುವಿಗೂ ಗೊತ್ತು. ಆದರೆ ಬೀಳುವುದು ನಿಜವಾದ ಬೆನ್ನೇ ತಾನೆ? ಎರಡಾಳೆತ್ತರದಿಂದ ಹಾರಿದವನ ಬೆನ್ನು ರಿಂಗಿನ ಹಲಗೆಗೆ ಬಡಿಯುವಾಗ ಹಲಗೆಗೇನು ನಾಟಕ ಗೊತ್ತೇ? ಜಪಾನಿನಲ್ಲಿ ಹೆಗಲು ಮುರಿದ ಮುದುಕನೊಬ್ಬ ರಿಂಗಿನ ಹೊರಗೆ ಬಿದ್ದಿದ್ದ. ಅಲ್ಲಿ ಹೊರಗೆ ಬಿದ್ದವನಿಗೆ ಇಪ್ಪತ್ತು ಎಣಿಸುವವರೆಗೆ ಕಾಯುತ್ತಾರೆ. ಕೂತ ಜನ ಒಬ್ಬರೂ ಕೂಗಲಿಲ್ಲ, ಹತ್ತೊಂಬತ್ತಕ್ಕೆ ಅವನು ಹಗ್ಗ ಹಿಡಿದು ಒಳಗೆ ಉರುಳಿದ. ಆ ವಿಮರ್ಶೆ ಮಾಡುವಾಗ ಮುಖವಾಡದೊಳಗೆ ನನ್ನ ಕಣ್ಣು ತುಂಬಿತ್ತು. ಅಮೆರಿಕದಲ್ಲಾದರೆ ಹತ್ತಕ್ಕೇ ಮುಗಿಯಿತು. ಅಲ್ಲಿ ಅರ್ಧ ಹೊತ್ತು ಮೈಕು ಹಿಡಿದು ಭಾಷಣ, ಉಳಿದದ್ದರಲ್ಲಿ ಪಟಾಕಿ. ಅದನ್ನೂ ಬಿಡದೆ ಬೈದಿದ್ದೇನೆ.

ಮಾವನಿಗೆ ಸಿಟ್ಟು ಬಂದದ್ದು ಕುಸ್ತಿಯ ಮೇಲಲ್ಲ. ಒಂದು ಅಮೆರಿಕದ ಪಂದ್ಯದ ವಿಮರ್ಶೆಯ ಮೇಲೆ. ಆ ಪಂದ್ಯದಲ್ಲಿ ಒಬ್ಬ ಹಿಂದಿನಿಂದ ಬಂದು ಕಬ್ಬಿಣದ ಕುರ್ಚಿಯಲ್ಲಿ ಇನ್ನೊಬ್ಬನ ಬೆನ್ನಿಗೆ ಬಾರಿಸುತ್ತಾನೆ. ಅದೇ ಹೊತ್ತಿಗೆ ಸರಿಯಾಗಿ ರೆಫ್ರಿ ಕುಕ್ಕರಗಾಲಲ್ಲಿ ಕೂತು ಶೂ ಲೇಸು ಕಟ್ಟುತ್ತಿರುತ್ತಾನೆ. ನನಗೆ ತಡೆಯಲಾಗಲಿಲ್ಲ. “ನಮ್ಮೂರಲ್ಲೂ ಇಂಥ ರೆಫ್ರಿ ಒಬ್ಬ ಇದ್ದಾನೆ. ಅವನಿಗೆ ಶೂ ಇಲ್ಲ, ಪಂಚೆ. ದನದ ದಾರಿಗೆ ಅಡ್ಡ ಬೇಲಿ ಕಂಬ ನೆಡುವಾಗ ಅವನು ಅತ್ತ ತಿರುಗಿ ಪಂಚೆ ಕಟ್ಟಿಕೊಳ್ಳುತ್ತಿದ್ದ,” ಅಂದೆ. ಹೆಸರು ಹೇಳಲಿಲ್ಲ. ಊರಿನ ಹೆಸರೂ ಹೇಳಲಿಲ್ಲ.

ನಡೆದದ್ದು ಅದೇ. ನಮ್ಮ ದನಗಳು ಹಳ್ಳಕ್ಕೆ ನೀರಿಗೆ ಹೋಗುವ ದಾರಿ ಅಜ್ಜನ ಕಾಲದ್ದು. ಕೊಯಮತ್ತೂರಿನ ಮುರಳೀಧರನ್ ಪಕ್ಕದ ಜಮೀನು ತೆಗೆದುಕೊಂಡು ರೆಸಾರ್ಟು ಕಟ್ಟಲು ಶುರು ಮಾಡಿ, ದಾರಿಗೆ ಅಡ್ಡವಾಗಿ ಬೇಲಿ ಹಾಕಿಸಿದ. ದನ ಸಾಕುವ ಜೋಗಿ ತಾತ ಪಂಚಾಯ್ತಿ ಸೇರಿಸಿದ. ನ್ಯಾಯ ಹೇಳಲು ಕೂತವನು ನನ್ನ ಮಾವ. ಕಂಬ ನೆಟ್ಟ ದಿನ ಅಲ್ಲೇ ಇದ್ದವನೂ ಅವನೇ. “ದಾರಿ ಮೇಲೆ ನೆಟ್ಟರೋ, ಪಕ್ಕಕ್ಕೆ ನೆಟ್ಟರೋ, ನೀನೇ ಯೋಳು,” ಅಂತ ಜೋಗಿ ತಾತ ಕೇಳಿದರೆ, “ನಾ ನೋಡ್ನಿಲ್ಲ ಕನಪ್ಪಾ, ಪಂಚೆ ಕಟ್ಕತಿದ್ದೆ,” ಅಂದ. ಅಲ್ಲಿಗೆ ಪಂಚಾಯ್ತಿ ಮುಗಿಯಿತು. ಈಗ ದನಗಳು ಪೊದೆ ಸುತ್ತಿಕೊಂಡು ಹೋಗಬೇಕು. ಜೋಗಿ ತಾತನ ಒಂದು ಕಡಸು ಆ ಪೊದೆಯಲ್ಲೇ ಹುಲಿ ಬಾಯಿಗೆ ಹೋಯಿತು. ಅದೇ ತಿಂಗಳು ನವೀನನಿಗೆ ರೆಸಾರ್ಟಿನ ಜೀಪು ಓಡಿಸುವ ಕೆಲಸ ಸಿಕ್ಕಿತು. ಮೊದಲೇ ಕೂತು ಮಾತಾಡಿಕೊಳ್ಳುವುದು ಅಂದರೆ ಏನು ಅಂತ ಮಾವನಿಗೆ ಚೆನ್ನಾಗಿಯೇ ಗೊತ್ತು.

ಪಂಚೆಯ ವಿಡಿಯೋ ಊರವರ ಮೊಬೈಲುಗಳಿಗೆಲ್ಲ ಹರಿದಾಡಿತು. ಕಾಟಿ ಯಾರು ಅಂತ ಮಾವ ಹುಡುಕತೊಡಗಿದ. ದನಿ ನನ್ನದೇ ಅಂತ ಅನುಮಾನವಿತ್ತು, ಆದರೆ ರೆಕ್ಸಿನ್ನಿನ ಒಳಗಿಂದ ಬರುವ ದನಿ, ಸಾಕ್ಷಿ ಇಲ್ಲ. ಸಾಕ್ಷಿ ಕೊಟ್ಟವಳು ನನ್ನ ಅವ್ವ.

ಅವ್ವ ಪುಟ್ಟಲಿಂಗಮ್ಮ ಡ್ರಮ್ಮಿನ ಹಿಂದೆ ಗುಡಿಸುವಾಗ ಮುಖವಾಡ ಕಂಡಳು. ಅವರೆ ಹೊಲಕ್ಕೆ ಬೆರ್ಚಪ್ಪ ಮಾಡಿಕೊಡು ಅಂತ ತಿಂಗಳಿಂದ ನನ್ನ ಬೆನ್ನು ಹತ್ತಿದ್ದಳು. ಮಗ ಕೊನೆಗೂ ಮಾಡಿಟ್ಟಿದ್ದಾನೆ ಅಂದುಕೊಂಡು ತೆಗೆದುಕೊಂಡು ಹೋಗಿ ಕೋಲಿಗೆ ಸಿಕ್ಕಿಸಿ, ಅಪ್ಪನ ಹಳೇ ಸ್ವೆಟರು ತೊಡಿಸಿದಳು. ಮಾರನೇ ದಿನ ನನಗೆ ಊಟ ಬಡಿಸುತ್ತಾ, “ಎಂಥ ಬೋ ಚೆಂದಾಗಿ ಮೊಕ ಮಾಡಿದ್ದೀಯ ಮಗಾ, ಒಂದ್ ನವಿಲೂ ಸುಳೀನಿಲ್ಲ,” ಅಂದಳು. ತಟ್ಟೆ ಬಿಟ್ಟು ಎದ್ದು ಓಡಿದೆ. ಕೋಲು ಇತ್ತು, ಸ್ವೆಟರು ಇತ್ತು, ತಲೆ ಇರಲಿಲ್ಲ. ಜೀಪಿನಲ್ಲಿ ಹೋಗುತ್ತಿದ್ದ ನವೀನ್ ಕಿತ್ತುಕೊಂಡು ಹೋಗಿದ್ದ.

ಅದೇ ಈಗ ಮಾವನ ಕೈಯಲ್ಲಿ ನೇತಾಡುತ್ತಿದ್ದುದು.

“ಮಾವ, ಅದನ್ನ ಕೊಡು,” ಅಂದೆ.

“ಕೊಡ್ತೀನಿ ಕನಾ. ನಂಗ್ಯಾಕೆ ಬೆರ್ಚಪ್ಪನ ತಲೆ? ನವೀನಾ, ಅದೇನೋ ಯೋಳ್ತಿದ್ದಲ್ಲ, ಯೋಳು ಇವ್ನಿಗೆ.”

ನವೀನ್ ಮೊಬೈಲು ಇಳಿಸದೆಯೇ ಹಲ್ಲು ಕಿರಿದ. “ನೀನೇ ಹೇಳ್ಕೊಟ್ಟಿದ್ದಲ್ಲ ಕಾಟಿ ಸಾರ್. ಮೆಕ್ಸಿಕೋದಲ್ಲಿ ಮುಖವಾಡ ಹೋದೋನು ಏನ್ ಮಾಡ್ಬೇಕು? ಎಲ್ರ ಎದ್ರಿಗೆ ನಿಂತ್ಕೊಂಡು ತನ್ನ ನಿಜವಾದ ಹೆಸರು, ಯಾವೂರು, ಎಷ್ಟು ವರ್ಷದಿಂದ ಈ ಕಸುಬು, ಮೂರೂ ಹೇಳ್ಬೇಕು. ಹೇಳು. ಜೊತೆಗೆ ಓದಿದ್ದು ಎಷ್ಟು ಅಂತಾನೂ ಹೇಳು. ನಿನ್ ಚಾನೆಲ್ ನೋಡೋರೆಲ್ಲಾ ಇದನ್ನ ನೋಡ್ತಾರೆ.”

“ನೀನೇ ಹೇಳು, ಗೊತ್ತಿಲ್ವಾ?”

“ಬೇರೆಯವರು ಹೇಳಿದ್ರೆ ಲೆಕ್ಕಕ್ಕಿಲ್ಲ ಅಂತ ನೀನೇ ಹೇಳಿದ್ಯಲ್ಲ! ಸೋತೋನ ಬಾಯಿಂದ್ಲೇ ಬರ್ಬೇಕು.”

ಹೌದು, ನಾನೇ ಹೇಳಿದ್ದೆ. ನಲವತ್ತು ನಿಮಿಷದ ವಿಮರ್ಶೆ ಅದು, ನಾನು ಮಾಡಿದ್ದರಲ್ಲೆಲ್ಲ ಒಳ್ಳೆಯದು. ಮೂರರಲ್ಲಿ ಎರಡು ಸುತ್ತು ಸೋತ ಮುದಿ ಕುಸ್ತಿಗಾರ ತಾನೇ ದಾರ ಬಿಚ್ಚಿ ಮುಖವಾಡ ತೆಗೆದು, ಬಿಳಿಚಿಕೊಂಡ ಮುಖದಲ್ಲಿ ತನ್ನ ಹೆಸರು ಹೇಳುತ್ತಾನೆ. ಗೆದ್ದವನು ಅವನ ಕೈ ಎತ್ತಿ ಹಿಡಿಯುತ್ತಾನೆ. ಆ ಪಂದ್ಯದಲ್ಲಿ ನವೀನನಿಗೆ ಕಂಡದ್ದು ಇಷ್ಟೇ! ಸುತ್ತು ಕಾಣಲಿಲ್ಲ, ಪಣ ಕಾಣಲಿಲ್ಲ. ಹೊಲಕ್ಕೆ ನುಗ್ಗಿ ಕೋಲಿನ ಮೇಲಿದ್ದ ಮುಖ ಕದ್ದುಕೊಂಡು ಬಂದು, ಸೋತೆ ಅನ್ನು ಅನ್ನುತ್ತಾನೆ. ನಾನು ಯಾರ ಜೊತೆ ಕುಸ್ತಿ ಬಿದ್ದೆ? ಯಾವಾಗ ಸೋತೆ?

ನನ್ನ ದನಿ ಏರಿತು. “ಮೆಕ್ಸಿಕೋ ಲೆಕ್ಕ ಬೇಕಾ ಮಾವ? ಸರಿ, ಪೂರ್ತಿ ಹಿಡಿ. ಅಲ್ಲಿ ಒಬ್ಬ ಮುಖವಾಡ ಪಣಕ್ಕಿಟ್ರೆ ಎದುರಾಳೀನೂ ಏನಾದ್ರೂ ಇಡ್ಬೇಕು. ಮುಖವಾಡ ಇಲ್ದೋನು ಕೂದ್ಲು ಇಡ್ತಾನೆ. ನನ್ ಮುಖವಾಡ ನಿನ್ ಕೈಲೇ ಅದೆ. ನೀನು ಮೀಸೆ ಇಡು!”

ಯಾರೋ ಕಿಸಕ್ಕೆಂದರು. ಮಾವನ ಕೈ ತನ್ನಷ್ಟಕ್ಕೆ ಮೀಸೆಗೆ ಹೋಯಿತು. ನಮ್ಮೂರಲ್ಲಿ ಅಂಥ ಮೀಸೆ ಇನ್ನೊಂದಿಲ್ಲ.

“ಏನಂದೆ?”

“ಇಲ್ಲೇ, ಈಗ್ಲೇ ಆಗ್ಲಿ. ದನದ ದಾರಿ ಪಂಚಾಯ್ತಿ ಇನ್ನೊಂದ್ಸಲ ನಡೀಲಿ. ಕಂಬ ದಾರಿ ಮೇಲೆ ನೆಟ್ಟಿದ್ದ ನೀನು ನೋಡ್ದೋ ಇಲ್ವೋ, ಮಾದಪ್ಪನ ಮೇಲೆ ಆಣೆ ಇಟ್ಟು ಹೇಳು. ನೋಡಿಲ್ಲ ಅಂತ ಆಣೆ ಇಟ್ರೆ ನಾನು ಸೋತೆ. ಹೆಸ್ರು, ಊರು, ಒಂಬತ್ನೇ ಕ್ಲಾಸು ಎಲ್ಲಾ ಹೇಳ್ತೀನಿ, ನಿನ್ನ ಕಾಲಿಗೂ ಬೀಳ್ತೀನಿ. ಆಣೆ ಇಡ್ದಿದ್ರೆ ಮೀಸೆ ತೆಗೀಬೇಕು.”

“ತಂಬೀ, ವೇಂಡಾಂ, ಬಿಟ್ಬಿಡು,” ವಸಂತಾಮಣಿ ಅಕ್ಕ ಒಲೆಯ ಹಿಂದಿನಿಂದ ಮೆಲ್ಲಗೆ ಅಂದಳು.

ನಗು ನಿಂತಿತ್ತು. ಮಾವನ ಕೈ ಮೀಸೆಯ ಮೇಲೇ ಇತ್ತು. ನಾನು ಜನರನ್ನು ನೋಡಿದೆ. ಬೇಲಿ ಹಾಕಿದ್ದನ್ನು ಇವರೆಲ್ಲ ನೋಡಿದ್ದಾರೆ. ಪೊದೆಯ ದಾರಿಯಲ್ಲಿ ದನ ಹೊಡೆದುಕೊಂಡು ಹೋಗುತ್ತಾರೆ, ಮನೆಯೊಳಗೆ ಕೂತು ಮುರಳೀಧರನನ್ನೂ ಮಾವನನ್ನೂ ಶಪಿಸುತ್ತಾರೆ. ಪಂಚೆಯ ವಿಡಿಯೋವನ್ನು ಒಬ್ಬರಿಗೊಬ್ಬರು ಕಳಿಸಿ ನಕ್ಕವರೂ ಇವರೇ. ಒಬ್ಬ, ಒಬ್ಬನಾದರೂ “ಹೌದು ಕಾಳಯ್ಯ, ಆಣೆ ಇಡು” ಅನ್ನಲಿ ಅಂತ ಕಾದೆ. ಮನಸ್ಸಿನಲ್ಲೇ ಎಣಿಸಿದೆ. ಅಮೆರಿಕದ ಹತ್ತು ಮುಗಿಯಿತು. ಜಪಾನಿನ ಇಪ್ಪತ್ತರವರೆಗೂ ಎಣಿಸಿದೆ. ಒಬ್ಬ ಟೀ ಲೋಟದೊಳಗೆ ನೋಡುತ್ತಿದ್ದ. ಒಬ್ಬ ಚಪ್ಪಲಿಯ ಉಂಗುಟ ಸರಿ ಮಾಡಿಕೊಳ್ಳಲು ಬಗ್ಗಿದ. ಎಲ್ಲರಿಗೂ ಅದೇ ಹೊತ್ತಿಗೆ ಲೇಸು ಕಟ್ಟುವ ಕೆಲಸ ಬಂದಿತ್ತು.

ಕೊನೆಗೆ ಬಾಯಿ ಬಿಟ್ಟವನು ಜೋಗಿ ತಾತ. ಕಡಸು ಕಳಕೊಂಡವನು.

“ಯೋಳ್ಬುಡು ಮಗಾ,” ಅಂದ, ನನ್ನ ಮುಖ ನೋಡದೆ. “ಎಸ್ರು ತಾನೆ. ಯೋಳ್ಬುಟ್ಟು ನಿನ್ ಸಾಮಾನು ತಕ್ಕಂಡೋಗು. ದೊಡ್ಡೋರ ಜತೆ ಯಾಕೆ?”

ಆ ಕುರ್ಚಿ ಏಟು ನನಗೆ ಹಿಂದಿನಿಂದ ಬಿತ್ತು. ಇವನಿಗೋಸ್ಕರ ಅಂತ ಬಾಯಿ ಬಿಟ್ಟಿದ್ದೆನಲ್ಲ!

ಮಾವನಿಗೆ ಉಸಿರು ಬಂತು. ಮೀಸೆ ಬಿಟ್ಟು, ಮುಖವಾಡವನ್ನು ನನ್ನ ಮೂಗಿನ ಹತ್ತಿರ ತಂದು ಅಲ್ಲಾಡಿಸಿದ. ನನ್ನದೇ ಬೆವರಿನ ವಾಸನೆ ಬಂತು. ಒಂದು ಕೊಂಬಿನ ಹೊಲಿಗೆ ಬಿಚ್ಚಿ ಹತ್ತಿ ಹೊರಗೆ ಬಂದಿತ್ತು.

“ಕೇಳುಸ್ಕಂಡಾ? ಜೋಗೀನೇ ಯೋಳ್ತಾವ್ನೆ. ಆಣೆಗೀಣೆ ಎಲ್ಲಾ ಆಮೇಕೆ. ಮೊದ್ಲು ಎಸ್ರು ಯೋಳು. ನವೀನಾ, ಸರ್ಯಾಗಿ ಇಡ್ಕೊ.”

“ಹೇಳೋ,” ನವೀನ್ ಮೊಬೈಲು ಇನ್ನೂ ಹತ್ತಿರ ತಂದ. “ಹೆಸರು, ಊರು, ಎಷ್ಟು ವರ್ಷ. ಮೂರೇ ಮಾತು. ತಗೊಂಡು ಹೋಗು.”

ಕೈ ಚಾಚಿದರೆ ಸಿಗುವಷ್ಟು ಹತ್ತಿರವಿತ್ತು ಅದು. ಅದಿಲ್ಲದಿದ್ದರೆ ಮಳವಳ್ಳಿಯವನಿಗೆ ನಾನು ಯಾವ ಮುಖದಲ್ಲಿ ಮಾತಾಡಲಿ? ಹೆಸರು ನಾಲಿಗೆಯ ತುದಿಗೇ ಬಂದಿತ್ತು. ಆದರೆ ಆ ಮೆಕ್ಸಿಕೋದ ಮುದುಕ ಮೈಕು ಹಿಡಿದು ತನ್ನ ಹೆಸರು ಹೇಳಿದ್ದು ಅವನು ಸೋತಿದ್ದರಿಂದ. ಎದುರಿನವನೂ ತನ್ನ ಮುಖವಾಡವನ್ನು ಪಣಕ್ಕೆ ಇಟ್ಟಿದ್ದರಿಂದ. ಇಲ್ಲಿ ಮೀಸೆ ಪಣಕ್ಕೆ ಬರಲೇ ಇಲ್ಲ. ಪಣ ಇಲ್ಲದ ಮೇಲೆ ಪಂದ್ಯ ಇಲ್ಲ. ನಾನು ಸೋತಿಲ್ಲ.

ಅಷ್ಟು ಹೊತ್ತೂ ಕೈಯಲ್ಲೇ ಇದ್ದ ಟೀ ಲೋಟವನ್ನು ಬೆಂಚಿನ ಮೇಲಿಟ್ಟೆ. ವಸಂತಾಮಣಿ ಅಕ್ಕ ನನ್ನನ್ನೇ ನೋಡುತ್ತಿದ್ದಳು. ತಿರುಗಿ, ಮಸಿನಗುಡಿಯ ರಸ್ತೆ ಹಿಡಿದು ನಡೆದೆ. ಬಸ್ಸಿಗೆ ಕಾಯಲಿಲ್ಲ.

“ಲೋ, ಕೊಂಬು ಇಲ್ಲೇ ಅದೆ ಕನ್ಲಾ!” ಅಂತ ಕೂಗಿದ ಮಾವ. ನಾನು ತಿರುಗದಿದ್ದಾಗ ಅವನ ದನಿ ಒಡೆಯಿತು. ತೊಡೆಯ ಮೇಲೆ ಕೂರಿಸಿಕೊಂಡು ನನ್ನ ಕಿವಿ ಚುಚ್ಚಿಸಿದ ಸೋದರಮಾವ, ಅಷ್ಟು ಜನರ ನಡುವೆ ನಿಂತು, “ನಿನ್ನೆಸ್ರೇನ್ಲಾ? ಎಸ್ರೇನ್ಲಾ ನಿಂದು?” ಅಂತ ನನ್ನ ಬೆನ್ನನ್ನು ಕೇಳುತ್ತಲೇ ಇದ್ದ.